ಧ್ವನಿಗೆ ಎಷ್ಟು ಅಂಕ

ಮಾರ್ಚ್ 3, ಸೋಮವಾರ

ಕಡೆಗೂ ಮ್ಯಾನೇಜರ್‌ಗೆ ನನ್ನ ನೆನಪಾಯಿತು. ಬೆಳಿಗ್ಗೆ ಕರೆಸಿ ಮೇಜಿನ ಮೇಲೆ ಮೂರು ಡಬ್ಬ ಇಟ್ಟರು. ಮೂರರಲ್ಲೂ ದಾರಿ ತೋರಿಸುವ ಜಿಪಿಎಸ್ ಯಂತ್ರಗಳು, ಬೇರೆ ಬೇರೆ ಕಂಪನಿಯವು. ಮೂರನ್ನೂ ವ್ಯಾನಿನಲ್ಲಿ ಹಾಕಿ ಓಡಿಸಿ, ಯಾವುದು ಒಳ್ಳೆಯದೆಂದು ತಿಂಗಳ ಕೊನೆಯೊಳಗೆ ವರದಿ ಕೊಡಬೇಕು. ನಾನು ಆರಿಸಿದ್ದನ್ನೇ ಎಲ್ಲ ವ್ಯಾನುಗಳಿಗೂ ಹಾಕಿಸುತ್ತಾರಂತೆ. "ನಿಮ್ಮಷ್ಟು ಅನುಭವ ಇಲ್ಲಿ ಯಾರಿಗಿದೆ? ನೀವು ಹೇಳಿದ್ದೇ ಫೈನಲ್," ಎಂದರು. ಹೊಗಳಿಕೆಗೆ ಉಬ್ಬುವ ವಯಸ್ಸು ನನ್ನದಲ್ಲ. ಆದರೂ ಉಬ್ಬಿದೆ.

ಫೋನಿನಲ್ಲೇ ದಾರಿ ಸಿಗುತ್ತದಲ್ಲ ಸಾರ್ ಎಂದು ಕೇಳಿದೆ. ಓಡಿಸುವಾಗ ಯಾರೂ ಫೋನ್ ಮುಟ್ಟಬಾರದೆಂದು ಮೇಲಿನಿಂದ ಅಪ್ಪಣೆಯಾಗಿದೆಯಂತೆ. ಅದೂ ಸರಿಯೇ.

ಮ್ಯಾನೇಜರ್ ಹೊಸಬರು, ಸರಕು ಸಾಗಿಸುವ ಕಂಪನಿಯಿಂದ ಬಂದವರು. ನಮ್ಮದು ಪಾರ್ಸಲ್ ವ್ಯಾನಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕಾಯಿತು. ನಾವು ಸಾಗಿಸುವುದು ಡಯಾಲಿಸಿಸ್ ರೋಗಿಗಳನ್ನು. ಮನೆಯಿಂದ ಕರೆತರುವುದು ದೊಡ್ಡ ಕೆಲಸವಲ್ಲ. ಯಂತ್ರದಲ್ಲಿ ರಕ್ತ ಶುದ್ಧಿಯಾದ ಮೇಲೆ ಮನೆಗೆ ಬಿಡುತ್ತೇವಲ್ಲ, ಕಷ್ಟ ಇರುವುದು ಅಲ್ಲಿ. ಆ ಹೊತ್ತಿಗೆ ಅವರ ಮೈಯಲ್ಲಿ ಜೀವವೇ ಇರುವುದಿಲ್ಲ. ರಕ್ತದ ಒತ್ತಡ ಯಾವಾಗ ಇಳಿದೀತು ಹೇಳಲಾಗದು. ತಲೆ ಸುತ್ತಿದರೆ ಕಿರುಚುವಷ್ಟು ಶಕ್ತಿಯೂ ಇರುವುದಿಲ್ಲ, ಮೆಲ್ಲಗೆ ಕರೆಯುತ್ತಾರೆ. ಅದಕ್ಕೇ ನಮ್ಮ ವ್ಯಾನುಗಳಲ್ಲಿ ಹಾಡು ಹಾಕುವಂತಿಲ್ಲ. ಆ ನಿಯಮ ತಂದವನು ನಾನೇ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನ ಹೇಳಿಕೊಡುವುದು ಇದನ್ನೇ: ಕಣ್ಣು ರಸ್ತೆಗೆ, ಕಿವಿ ಹಿಂದಿನ ಸೀಟಿಗೆ.

ನನ್ನ ಜೊತೆ ಯಂತ್ರಗಳನ್ನು ಪರೀಕ್ಷಿಸಲು ಬಿರುಗಾಳಿಯನ್ನೂ ಹಾಕಿದ್ದಾರೆ. ಅದು ಅವಳಿಗೆ ನಾನಿಟ್ಟ ಹೆಸರು. ಸೇರಿದ ಮೊದಲ ದಿನ ವ್ಯಾನನ್ನು ಅಂಗಳಕ್ಕೆ ನುಗ್ಗಿಸಿದ ರಭಸ ನೋಡಿ ಇಟ್ಟಿದ್ದು. ಎರಡು ಮಕ್ಕಳ ತಾಯಿ, ಕೆಲಸದಲ್ಲಿ ಚುರುಕು, ನನ್ನ ಕೈಕೆಳಗೇ ಪಳಗಿದವಳು. ಇತ್ತೀಚೆಗೆ ಮಾತ್ರ ಸ್ವಲ್ಪ ಬಾಲ ಬಿಚ್ಚಿದ್ದಾಳೆ. ತೀರಾ ಬಳಲಿದ ರೋಗಿಗಳು ನನ್ನ ವ್ಯಾನಿಗೆ ಬಂದಾಗಲೆಲ್ಲ ಏನಾದರೂ ನೆಪ ತೆಗೆದು ತನ್ನ ವ್ಯಾನಿಗೆ ಬದಲಾಯಿಸಿಕೊಳ್ಳುತ್ತಾಳೆ. ಮ್ಯಾನೇಜರ್ ಕಣ್ಣಲ್ಲಿ ಒಳ್ಳೆಯವಳಾಗುವ ಉಪಾಯ. ನನಗೆ ತಿಳಿಯುವುದಿಲ್ಲ ಅಂದುಕೊಂಡಿದ್ದಾಳೆ.

ಮಾರ್ಚ್ 4, ಮಂಗಳವಾರ

ಮೊದಲನೇ ಯಂತ್ರ ಹಾಕಿದೆ. ಪರದೆ ಅಗಲವಾಗಿದೆ, ಅದಕ್ಕೆ ದಪ್ಪಕ್ಕ ಎಂದು ಹೆಸರು. ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು ಸರಿಯಾಗಿ ಹಿಡಿಯುವುದಿಲ್ಲ, ವೃತ್ತದ ಹತ್ತಿರ ಕಿತ್ತುಕೊಂಡು ನನ್ನ ತೊಡೆಯ ಮೇಲೆ ಬಿತ್ತು. ಒದ್ದೆ ಬೆರಳು ಸವರಿ ಮತ್ತೆ ಒತ್ತಿದ ಮೇಲೆ ನಿಂತಿತು. ಬಿಸಿಲಿಗೂ ಪರದೆ ಚೆನ್ನಾಗಿ ಕಾಣುತ್ತದೆ. ತಿರುವಿಗೆ ಮೊದಲೇ ಯಾವ ಸಾಲಿನಲ್ಲಿರಬೇಕೆಂದು ಬಾಣ ಹಾಕಿ ತೋರಿಸುತ್ತದೆ. ಮುಂದೆ ರಸ್ತೆ ಕಟ್ಟಿಕೊಂಡಿದ್ದರೆ ಕೆಂಪು ಬಣ್ಣ. ಇಷ್ಟೆಲ್ಲ ಒಪ್ಪಿದೆ.

ಧ್ವನಿ ಮಾತ್ರ ದೇವರಿಗೇ ಪ್ರೀತಿ. ಯಾವುದೋ ಹುಡುಗಿಯ ದನಿ. ಬಾಯಲ್ಲಿ ಬಟ್ಟೆ ತುರುಕಿಕೊಂಡು ಮಾತಾಡಿದ ಹಾಗಿದೆ. ಈಗಿನ ಕಾಲದ ಹುಡುಗಿಯರೆಲ್ಲ ಹೀಗೆಯೇ, ಮಾತನ್ನು ಅರ್ಧ ನುಂಗಿಯೇ ಹೊರಗೆ ಬಿಡುವುದು. ಗುಂಡಿ ಒತ್ತಿ ಒತ್ತಿ ಶಬ್ದವನ್ನು ತುದಿಗೆ ಏರಿಸಿದ ಮೇಲೆ ಒಂದಿಷ್ಟು ಕೇಳಿಸಿತು. ಪಕ್ಕದಲ್ಲಿದ್ದ ಬಿರುಗಾಳಿ ಎರಡು ಕಿವಿಗೂ ಬೆರಳಿಟ್ಟುಕೊಂಡಳು. ಏನು ನಾಟಕ!

ವೇಗದ ಮಿತಿ ಮೀರಿದರೆ ಬೀಪ್ ಎಂದು ಎಚ್ಚರಿಸುತ್ತದೆ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಖಾಲಿ ರಸ್ತೆಯಲ್ಲಿ ಬೇಕೆಂದೇ ಸ್ವಲ್ಪ ಮೀರಿದೆ. ಬೀಪೂ ಇಲ್ಲ, ಗೀಪೂ ಇಲ್ಲ. ಹಸೀ ಸುಳ್ಳು. ಧ್ವನಿಗೆ ಎರಡು ಅಂಕ, ಎಚ್ಚರಿಕೆಗೆ ಸೊನ್ನೆ.

ಮಾರ್ಚ್ 6, ಗುರುವಾರ

ನನ್ನವಳ ಜೊತೆ ಜಗಳ. ಟಿ.ವಿ. ವಿಷಯಕ್ಕೆ. ನಾನು ಶಬ್ದ ಏರಿಸುವುದು, ಅವಳು ಇಳಿಸುವುದು, ನಾನು ಏರಿಸುವುದು. "ಪಕ್ಕದ ಮನೆಯವರು ಬಂದು ನಮ್ ಮನೇಲಿ ಟಿ.ವಿ. ಬೇಕಿಲ್ಲ, ನಿಮ್ಮದೇ ಸಾಕು ಅಂತಿದಾರೆ ಕಣ್ರೀ," ಎಂದಳು. ಅವಳು ಅಡುಗೆಮನೆಗೆ ಹೋದ ಮೇಲೆ ಇನ್ನೂ ಏನೋ ಗೊಣಗುತ್ತಿದ್ದಳೆಂದು ಕಾಣುತ್ತದೆ. ಮುಖಕ್ಕೆ ಮುಖ ಕೊಟ್ಟು ಬಯ್ಯುವ ಧೈರ್ಯವಿಲ್ಲ, ಬೆನ್ನು ಹಾಕಿ ಗೊಣಗುವುದು ಒಂದು ಚಾಳಿ.

ಮಗಳು ಫೋನ್ ಮಾಡಿದ್ದಳು. ಅವಳ ಮಾತಂತೂ ರೈಲು. ಚೆನ್ನಾಗಿದೀನಮ್ಮ ಎಂದು ಹೇಳಿ ಅವಳಮ್ಮನ ಕೈಗೆ ಕೊಟ್ಟುಬಿಟ್ಟೆ.

ಮಾರ್ಚ್ 10, ಸೋಮವಾರ

ಎರಡನೇ ಯಂತ್ರ. ಆಹಾ, ಇದಪ್ಪಾ ಧ್ವನಿ! ಗಂಡಸಿನ ದನಿ, ಎದೆಯಾಳದಿಂದ ಬರುವಂಥದ್ದು. "ಮುಂದೆ, ಎಡಕ್ಕೆ ತಿರುಗಿ." ಅಷ್ಟೇ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಇದಕ್ಕೆ ಮಾವ ಎಂದು ಹೆಸರಿಟ್ಟಿದ್ದೇನೆ.

ಇವತ್ತು ಟೀಚರಮ್ಮನ ಪಾಳಿ. ಗಣಿತ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ವಾರಕ್ಕೆ ಮೂರು ದಿನ ಡಯಾಲಿಸಿಸ್. ವರ್ಷಗಳಿಂದ ಅವರನ್ನು ಕರೆತಂದು ಬಿಡುವವನು ನಾನೇ. ಬೇರೆ ವ್ಯಾನು ಬಂದರೆ ಹತ್ತುವುದೇ ಇಲ್ಲ. ಬಿರುಗಾಳಿ ಅವರನ್ನೂ ತನ್ನ ಪಟ್ಟಿಗೆ ಸೇರಿಸಿಕೊಳ್ಳಲು ನೋಡಿ ಅವರಿಂದ ಬಯ್ಸಿಕೊಂಡಳು. ಟೀಚರಮ್ಮ ನನ್ನನ್ನು ಸಾರಥಿ ಎಂದೇ ಕರೆಯುತ್ತಾರೆ. ಮೊದಲೆಲ್ಲ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕೂರುತ್ತಿದ್ದರು. ಈಗ ಒಂದೆರಡು ತಿಂಗಳಿಂದ ಹಟ ಮಾಡಿ ಮುಂದೆ, ನನ್ನ ಪಕ್ಕದಲ್ಲೇ ಕೂರುತ್ತಾರೆ. ಮಾತಾಡಬೇಕೆನಿಸಿದರೆ ಮೊದಲು ನನ್ನ ತೋಳನ್ನು ತಟ್ಟಿ, ನಾನು ತಿರುಗಿ ನೋಡಿದ ಮೇಲೆಯೇ ಬಾಯಿ ತೆರೆಯುವುದು. ಮೇಷ್ಟ್ರುಗಿರಿಯ ಅಭ್ಯಾಸ.

ಮಾವನನ್ನು ಕಂಡು ಅವರಿಗೆ ಬಹಳ ಖುಷಿ. ತಲುಪುವ ಹೊತ್ತನ್ನು ಅದು ತೋರಿಸಿದಾಗಲೆಲ್ಲ, "ತಪ್ಪು. ಸಿಗ್ನಲ್ ಲೆಕ್ಕಕ್ಕೆ ತಗೊಂಡಿಲ್ಲ. ಕೂರಿಸಿ ಇದನ್ನ ಹಿಂದಿನ ಬೆಂಚಲ್ಲಿ," ಎನ್ನುತ್ತಿದ್ದರು. ಅವರು ಹೇಳಿದ ಹಾಗೇ ತಡವಾಯಿತು. ಅದೂ ಅಲ್ಲದೆ ಮಾವ ಹೊಸ ಮೇಲ್ಸೇತುವೆಯನ್ನು ಕಂಡೇ ಇಲ್ಲ. ಮೇಲೆ ಹೋಗುತ್ತಿದ್ದರೆ ಪರದೆಯಲ್ಲಿ ನಾವು ಮೈದಾನದ ನಡುವೆ ಹಾರುತ್ತಿರುತ್ತೇವೆ. ಆಸ್ಪತ್ರೆಯ ಮುಚ್ಚಿ ಹೋದ ಹಿಂಬಾಗಿಲಿಗೆ ಕರೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿತು. ಹೋಗಲಿ, ನಕ್ಷೆಯನ್ನು ಆಮೇಲೆ ಹೊಸದು ಹಾಕಿಸಬಹುದು. ಧ್ವನಿ ಮುಖ್ಯ. ಹತ್ತಕ್ಕೆ ಹತ್ತು.

ಮಾರ್ಚ್ 12, ಬುಧವಾರ

ಬಿರುಗಾಳಿಯ ಅಂಕಗಳನ್ನು ನೋಡಿ ತಲೆ ಚಿಟ್ಟು ಹಿಡಿಯಿತು. ದಪ್ಪಕ್ಕನ ಧ್ವನಿಗೆ ಒಂಬತ್ತು! ಬೀಪ್‌ಗೆ ಹತ್ತು! ಮಾವನ ನಕ್ಷೆಗೆ ಎರಡು.

"ಏನಮ್ಮಾ ಇದು? ಬೀಪ್ ಹೊಡೆಯೋದೇ ಇಲ್ಲ, ಹತ್ತು ಕೊಟ್ಟಿದೀಯ?"

"ಹೊಡೆಯುತ್ತಣ್ಣ."

"ಎಲ್ಲಿ ಹೊಡೆಯುತ್ತೆ, ನಿನ್ನ ಕನಸಲ್ಲಾ?"

ಅವಳು ವ್ಯಾನಿಗೆ ದಪ್ಪಕ್ಕನನ್ನು ಅಂಟಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಕೆರೆಯ ಪಕ್ಕದ ಖಾಲಿ ರಸ್ತೆಯಲ್ಲಿ ವೇಗ ಏರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, "ಈಗ ಕೇಳಿಸ್ತಾ?" ಎಂದಳು. ಪರದೆಯ ಅಂಚು ಕೆಂಪಗೆ ಮಿನುಗುತ್ತಿತ್ತು. "ಹೂಂ, ಕೇಳಿಸ್ತು," ಎಂದೆ. ಸುಮ್ಮನೆ ಯಾಕೆ ವಾದ? ಅವಳು ವೇಗ ಇಳಿಸಿ, ರಸ್ತೆ ನೋಡುತ್ತಾ, "ಶಬ್ದ ಪೂರ್ತಿ ಆಫ್ ಮಾಡಿದ್ದೆ ಅಣ್ಣ," ಎಂದಳು. ಅಷ್ಟು ನಿಧಾನಕ್ಕೆ, ನನ್ನ ಮುಖವನ್ನೇ ನೋಡದೆ ಹೇಳಿದ್ದರಿಂದ ಇನ್ನೊಂದು ಸಲ ಹೇಳಿಸಿಕೊಳ್ಳಬೇಕಾಯಿತು.

ಹಿರಿಯನನ್ನು ಹೀಗೆ ಬಲೆಗೆ ಕೆಡವುವುದಾ? ನನ್ನ ಕೈಕೆಳಗೇ ಕೆಲಸ ಕಲಿತವಳು! ಮೈಯೆಲ್ಲ ಉರಿಯಿತು.  ವರದಿಗೆ ಸಹಿ ಹಾಕುವವನು ನಾನು, ಅವಳಲ್ಲ. ಮಾವನೇ ಬರುವುದು, ಎಲ್ಲ ವ್ಯಾನುಗಳಿಗೂ.

ಮಾರ್ಚ್ 14, ಶುಕ್ರವಾರ

ಹಿಂದೆ ಬರುತ್ತಿದ್ದ ಒಬ್ಬ ಕಾರಿನವ ನನ್ನನ್ನು ದಾಟಿ ಹೋಗಿ, ಕೈ ಬೀಸಿ ಏನೇನೋ ಬಯ್ದ. ಆಮೇಲೆ ನೋಡಿದರೆ ಬಲಗಡೆಯ ಇಂಡಿಕೇಟರ್ ಹಾಗೇ ಉಳಿದಿದೆ. ಯಾವಾಗ ಹಾಕಿದ್ದೋ ಏನೋ. ಈ ವ್ಯಾನಿನ ಇಂಡಿಕೇಟರ್‌ಗೆ ಟಿಕ್ ಟಿಕ್ ಎನ್ನುವುದು ಮರೆತುಹೋಗಿದೆ. ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ತಲೆ ಕೆರೆದುಕೊಂಡು, ಎಲ್ಲ ಸರಿಯಾಗೇ ಇದೆ ಸಾರ್ ಎಂದ. ಇವನಿಗೆ ಕೆಲಸ ಬರುವುದಿಲ್ಲ.

ಮಾರ್ಚ್ 17, ಸೋಮವಾರ

ಮೂರನೇ ಯಂತ್ರ. ಸಣ್ಣದು, ನೋಡಲು ಅಂದವಾಗಿದೆ. ಇದು ಮಾತೇ ಆಡುವುದಿಲ್ಲ. ತಿರುವು ಬಂದಾಗ ಗಂಟೆಯ ಸದ್ದು ಮಾಡುತ್ತದೆಂದು ಪುಸ್ತಕದಲ್ಲಿದೆ. ಮಾಡಲಿಲ್ಲ. ಕೆಟ್ಟ ಮಾಲು ಕಳಿಸಿದ್ದಾರೆ. ಮೌನಿ ಎಂದು ಹೆಸರಿಟ್ಟು ಡಬ್ಬಕ್ಕೆ ಹಾಕಿದೆ.

ಟೀಚರಮ್ಮ ಇವತ್ತು ಬಹಳ ಸೋತಿದ್ದರು. ಆದರೂ ಬಿಡದೆ ಮುಂದೆಯೇ ಕೂತರು. ಸೀಟು ಬಾಗಿಸಿ ಕೊಟ್ಟೆ. ದಾರಿಯಲ್ಲಿ ತೋಳು ತಟ್ಟಿ, "ಸಾರಥಿ, ಮನೇಲಿ ನಿಮ್ಮ ಯಜಮಾನಿ ನಿಮ್ಮನ್ನ ಹೇಗೆ ಕರೀತಾರೆ?" ಎಂದರು. ಇದೆಂಥ ಪ್ರಶ್ನೆ! "ರೀ ಅಂತಾಳೆ," ಎಂದೆ. "ಒಂದೇ ಸಲ ಕರೆದ್ರೆ ಬರ್ತೀರಾ?" ಎಂದರು. ಗಂಡಸರು ಒಂದೇ ಸಲಕ್ಕೆ ಬಂದರೆ ಬೆಲೆ ಇರುತ್ತದೆಯೇ ಟೀಚರಮ್ಮ ಎಂದು ನಕ್ಕೆ. ಅವರು ನಗಲಿಲ್ಲ. ಸುಸ್ತಿಗೆ ಇರಬೇಕು.

ಮಾರ್ಚ್ 19, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಟೀಚರಮ್ಮ ತುರ್ತು ವಿಭಾಗದಲ್ಲಿದ್ದಾರೆ.

ಮಾರ್ಚ್ 20, ಗುರುವಾರ

ಜೀವಕ್ಕೆ ಅಪಾಯವಿಲ್ಲ ಎಂದು ಬೆಳಿಗ್ಗೆ ಹೇಳಿದರು. ಉಸಿರು ಬಂತು.

ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಮೂರು ಯಂತ್ರದ ಡಬ್ಬಗಳನ್ನೂ ವೈರುಗಳನ್ನೂ ಮುಂದಿನ ಸೀಟಿನ ಮೇಲೆ ಹರಡಿಕೊಂಡಿದ್ದೆ. ಟೀಚರಮ್ಮ ಬಂದು ಬಾಗಿಲ ಬಳಿ ನಿಂತು ಆ ಸೀಟನ್ನೇ ನೋಡಿದರು. "ಇವತ್ತೊಂದಿನ ಹಿಂದೆ ಕೂತ್ಕೊಳ್ಳಿ ಟೀಚರಮ್ಮ, ಆರಾಮಾಗಿ ಕಾಲು ಚಾಚಬಹುದು," ಎಂದೆ. ಅವರು ಒಂದು ಕ್ಷಣ ನಿಂತು, ಹತ್ತಿದರು. ಗಾಜಿಗೆ ಮಾವನನ್ನು ಅಂಟಿಸಿದ್ದೆ. ವರದಿಗೆ ಮೊದಲು ಕೊನೆಯ ಸಲ ನೋಡೋಣ ಎಂದು. ದಾರಿಯುದ್ದಕ್ಕೂ ಅದು ಹೇಳಿದ್ದು, ನಾನು ತಲೆಯಾಡಿಸಿದ್ದು. ಹಿಂದಿನಿಂದ ಒಂದು ಸದ್ದೂ ಇಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡೆ.

ಅವರ ಮನೆಯ ಗೇಟಿನ ಮುಂದೆ ನಿಲ್ಲಿಸಿ ಹಿಂದಿನ ಬಾಗಿಲು ತೆರೆದೆ. ಬೆಲ್ಟಿನ ಮೇಲೆ ಪಕ್ಕಕ್ಕೆ ವಾಲಿದ್ದರು. ಮುಖ ಸುಣ್ಣದ ಹಾಗೆ ಬೆಳ್ಳಗೆ, ಹಣೆ ತಣ್ಣಗೆ, ಬೆವರು. ಕನ್ನಡಕ ಕೆಳಗೆ ಬಿದ್ದಿತ್ತು.  ಸೀಟಿನ ಮೇಲೆ ಮಲಗಿಸಿ, ಕಾಲ ಕೆಳಗೆ ಆ ಡಬ್ಬಗಳನ್ನೇ ಒಟ್ಟಿ ಎತ್ತರ ಮಾಡಿ, ವ್ಯಾನು ತಿರುಗಿಸಿದೆ. ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ಇನ್ನೂ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

ಮ್ಯಾನೇಜರ್ ನನ್ನನ್ನು ಬಯ್ಯಲಿಲ್ಲ. "ಯಂತ್ರದ ಶಬ್ದದಲ್ಲಿ ಕೇಳಿಸಿರಲ್ಲ ಬಿಡಿ. ಜೋರು ಧ್ವನಿ ಅಪಾಯ ಅಂತ ವರದೀಲಿ ಒಂದು ಸಾಲು ಸೇರಿಸಿ," ಎಂದರು. ನರ್ಸ್ ಕೂಡ ಹೇಳಿದಳು, ಪೇಷಂಟ್ ತಾನು ಕರೆಯಲೇ ಇಲ್ಲ, ಹಾಗೇ ಕಣ್ಣು ಕತ್ತಲಾಯಿತು ಅಂದಿದ್ದಾರೆ ಎಂದು. ಅಂದ ಮೇಲೆ ನನ್ನದೇನೂ ತಪ್ಪಿಲ್ಲ. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಆದರೂ ಊಟ ಸೇರುತ್ತಿಲ್ಲ. ಹಾಡು ಬೇಡ ಎಂದು ನಿಯಮ ತಂದವನು ಮಾವನನ್ನು ಅಷ್ಟು ಜೋರಾಗಿ ಯಾಕೆ ಇಟ್ಟುಕೊಂಡೆ?

ಮಾರ್ಚ್ 21, ಶುಕ್ರವಾರ

ಟೀಚರಮ್ಮನನ್ನು ನೋಡಲು ಹೋದೆ. ವಾರ್ಡಿನಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳಲು ಹೇಳಿ, ನನ್ನ ಮುಖವನ್ನೇ ನೋಡುತ್ತಾ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಸಾರಥಿ, ನಾನು ಕರೆದೆ. ಸೇತುವೆ ಇಳಿಯುವಾಗ ಕರೆದೆ. ಆಮೇಲೂ ಕರೆದೆ. ಸೀಟನ್ನೂ ಬಡಿದೆ."

"ನರ್ಸ್ ಹತ್ರ ಕರೀಲಿಲ್ಲ ಅಂದ್ರಂತೆ?"

"ಅದು ಅವರಿಗೆ ಹೇಳಿದ್ದು. ನಿಮ್ಮ ಕೆಲಸಕ್ಕೆ ತೊಂದರೆಯಾಗಬಾರದು ಅಂತ. ನಿಮ್ಮ ಹತ್ರ ಯಾಕೆ ಸುಳ್ಳು ಹೇಳಲಿ?"

ಮಾವನ ಶಬ್ದ ಜೋರಿತ್ತು ಟೀಚರಮ್ಮ, ಅದಕ್ಕೇ ಎಂದೆ. ಅವರು ಇಲ್ಲ ಎಂದು ತಲೆಯಾಡಿಸಿದರು. "ಅದು ಬಾಯಿ ಮುಚ್ಚೋವರೆಗೂ ಕಾದು ಕರೆದೆ. ಕ್ಲಾಸಲ್ಲಿ ಅಂಥ ಮಕ್ಕಳನ್ನ ನೋಡಿದೀನಿ. ಬೇರೆ ಮಕ್ಕಳು ಬೋರ್ಡ್ ನೋಡ್ತಿದ್ರೆ ಅವು ನನ್ನ ಬಾಯಿನೇ ನೋಡ್ತಾ ಇರ್ತವೆ. ಕೇಳಿದ್ರೆ ಎಲ್ಲಾ ಅರ್ಥ ಆಯ್ತು ಮಿಸ್ ಅಂತಾವೆ. ನೀವೂ ಹಾಗೇ ನೋಡ್ತೀರ. ಮತ್ಯಾಕೆ ನಾನು ಮುಂದೆ ಬಂದು ಕೂತಿದ್ದು ಅಂದ್ಕೊಂಡ್ರಿ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಯಿಲೆ ಬಿದ್ದವರ ಮೇಲೆ ಸಿಟ್ಟು ಮಾಡುವಂತಿಲ್ಲ, ಅದಕ್ಕೇ ಎದ್ದು ಬಂದುಬಿಟ್ಟೆ. ಅವರು ಹಿಂದಿನಿಂದ ಏನಾದರೂ ಹೇಳಿದರೋ ಇಲ್ಲವೋ ಗೊತ್ತಿಲ್ಲ.

ನನ್ನ ಕಿವಿಗೆ ಏನಾಗಿದೆ? ಮ್ಯಾನೇಜರ್ ಮಾತು ಕೇಳಿಸುತ್ತದೆ, ಮೆಕ್ಯಾನಿಕ್ ಮಾತು ಕೇಳಿಸುತ್ತದೆ, ಎಂಜಿನ್ ಸ್ವಲ್ಪ ಕೆಮ್ಮಿದರೂ ತಿಳಿಯುತ್ತದೆ. ಮಾವನ ಒಂದಕ್ಷರವೂ ತಪ್ಪುವುದಿಲ್ಲ. ಹೆಂಗಸರು ಮೆಲ್ಲಗೆ ಮಾತಾಡಿದರೆ ಅದಕ್ಕೆ ನಾನು ಹೊಣೆಯೇ?

ಮಾರ್ಚ್ 22, ಶನಿವಾರ

ಮಧ್ಯಾಹ್ನ ಅಂಗಳದಲ್ಲಿ ಯಾರೂ ಇರಲಿಲ್ಲ. ವ್ಯಾನಿನಲ್ಲಿ ಕೂತು ಗಾಜು ಏರಿಸಿ, ಮೂರು ಯಂತ್ರಗಳನ್ನೂ ಹೊರಗೆ ತೆಗೆದೆ. ಮೊದಲೆರಡರಲ್ಲೂ ಧ್ವನಿಯ ಮಾದರಿ ಕೇಳಿಸುವ ಗುಂಡಿ ಇದೆ, ಒತ್ತಿದರೆ ಒಂದು ವಾಕ್ಯ ಹೇಳುತ್ತದೆ. ಶಬ್ದವನ್ನು ಎರಡರಲ್ಲೂ ಒಂದೇ ಮಟ್ಟಕ್ಕೆ, ನಡುವಿಗೆ ಇಟ್ಟೆ. ಯಾರ ಪರವೂ ಇಲ್ಲ ಎಂದು.

ಮಾವನನ್ನು ಒತ್ತಿ ಕಣ್ಣು ಮುಚ್ಚಿದೆ. ಕೇಳಿಸಿತು, ಸ್ಪಷ್ಟವಾಗಿ.

ದಪ್ಪಕ್ಕನನ್ನು ಒತ್ತಿ ಕಣ್ಣು ಮುಚ್ಚಿದೆ. ಏನೂ ಇಲ್ಲ. ಸರಿಯಾಗಿ ಒತ್ತಿಲ್ಲವೇನೋ ಎಂದು ಮತ್ತೆ ಒತ್ತಿದೆ. ಏನೂ ಇಲ್ಲ. ಈ ಸಲ ಒತ್ತಿ, ಅದರ ಬೆನ್ನಿಗಿರುವ ಸ್ಪೀಕರಿನ ತೂತುಗಳ ಮೇಲೆ ಅಂಗೈ ಇಟ್ಟೆ. ಅಂಗೈ ಕೆಳಗೆ ಅದು ಸಣ್ಣಗೆ ಅದುರುತ್ತಿತ್ತು. ಒಂದು ವಾಕ್ಯದಷ್ಟು ಹೊತ್ತಿಗೆ ಅದುರುವುದು ನಿಂತಿತು. ಮತ್ತೆ ಒತ್ತಿದೆ, ಮತ್ತೆ ಅದುರಿತು. ಎಷ್ಟು ಸಲ ಮಾಡಿದೆನೋ. ಮೌನಿಯಲ್ಲೂ ಗಂಟೆಯನ್ನು ಪರೀಕ್ಷಿಸುವ ಗುಂಡಿ ಹುಡುಕಿ ಹಾಗೇ ಮಾಡಿದೆ. ಗಂಟೆ ಬಾರಿಸುತ್ತಲೇ ಇದೆ, ಅಂಗೈಗೆ ಗೊತ್ತಾಗುತ್ತದೆ.

ಯಂತ್ರ ಸರಿಯಿದೆ.

ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತೆ. ಸೇತುವೆ ಇಳಿಯುವಾಗ ಅವರು ಕರೆದಿದ್ದಾರೆ, ನಾನು ಮಾವನಿಗೆ ತಲೆಯಾಡಿಸುತ್ತಿದ್ದೆ. ಸೀಟು ಬಡಿದಿದ್ದಾರೆ. ಒಂಟಿ ಹೆಂಗಸು, ನನ್ನನ್ನು ನಂಬಿ ಬೇರೆ ವ್ಯಾನು ಹತ್ತದವರು. ಅಳು ಬಂತು. ಅಂಗಳದಲ್ಲಿ ಯಾರೂ ಇಲ್ಲವಲ್ಲ ಎಂದು ಅತ್ತೆ. ಆಮೇಲೆ ಮೂರನ್ನೂ ಒರೆಸಿ ಡಬ್ಬಕ್ಕೆ ಹಾಕಿದೆ.

ಮಾರ್ಚ್ 23, ಭಾನುವಾರ

ವರದಿ ಮುಂದಿಟ್ಟುಕೊಂಡು ಕೂತೆ. ಮಾವನ ಹೆಸರು ಬರೆದರೆ ಆಯಿತು, ಎಲ್ಲರೂ ನಂಬುತ್ತಾರೆ. ಯಾರೂ ಏನೂ ಕೇಳುವುದಿಲ್ಲ, ನಾನು ಓಡಿಸುತ್ತಾ ಇರಬಹುದು. ಟೀಚರಮ್ಮ ಬಾಯಿ ಬಿಡುವವರಲ್ಲ. ನಿಜ ಹೇಳಿದರೆ ನಾಳೆಯಿಂದ ನನ್ನ ಕೈಗೆ ವ್ಯಾನು ಕೊಡುವುದಿಲ್ಲ. ಬೇರೆ ಕೆಲಸ ನನಗೆ ಬರುವುದಿಲ್ಲ. ಕಲಿಯುವ ವಯಸ್ಸೂ ಅಲ್ಲ.

ನನ್ನವಳು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದಳು. ಪೆನ್ನು ಇಟ್ಟು, "ನೋಡೇ, ನಂಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ," ಎಂದೆ. ಬಾಯಿಂದ ಬಂದೇಬಿಟ್ಟಿತು. ಅವಳು ಮಡಿಸುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು. "ನಿಮಗೆ ಇವತ್ತು ಗೊತ್ತಾಯ್ತಾ? ನಾನು ಅಡುಗೆಮನೆಯಿಂದ ಕರೆಯೋದು ಬಿಟ್ಟೇ ಎಷ್ಟು ಕಾಲ ಆಯ್ತು. ಬಂದು ಭುಜ ಮುಟ್ತೀನಿ, ನೀವು ಬೆಚ್ಚಿ ಬಿದ್ದು ಬಯ್ತೀರ."

"ಹೇಳಬಾರದಾಗಿತ್ತಾ?"

"ಹೇಳಿದ್ನಲ್ಲ. ಕೇಳಿಸ್ಬೇಕಲ್ಲ!" ಎಂದಳು. ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಾರ್ಚ್ 24, ಸೋಮವಾರ

ಆಫೀಸಿಗೆ ಹೋಗುವಷ್ಟರಲ್ಲಿ ಬಿರುಗಾಳಿ ಬಾಗಿಲಲ್ಲೇ ಅಡ್ಡ ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಎಲ್ಲ ತಿಳಿದುಹೋಯಿತು.

"ಅಣ್ಣ, ಧ್ವನಿ ಕಾಲಂ ನಾನು ತುಂಬ್ತೀನಿ, ನೀವು ಉಳಿದದ್ದು ನೋಡಿ ಸಹಿ ಹಾಕಿ. ಬಳಲಿದ ಪೇಷಂಟ್‌ಗಳನ್ನ ನಾನೇ ತಗೋತೀನಿ, ಇಷ್ಟು ದಿನ ತಗೊಂಡ ಹಾಗೆ. ಯಾರಿಗೂ ಗೊತ್ತಾಗಲ್ಲ."

ಇಷ್ಟು ದಿನ ತಗೊಂಡ ಹಾಗೆ! ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಒಳ್ಳೆಯವಳಾಗಲು ನೋಡುತ್ತಿದ್ದಾಳೆಂದು ಇವಳನ್ನು ಎಷ್ಟು ಬಯ್ದುಕೊಂಡಿದ್ದೆ, ಇದೇ ಪುಟಗಳಲ್ಲಿ!

"ಟೀಚರಮ್ಮ ನಿನ್ನ ವ್ಯಾನ್ ಹತ್ತಲಿಲ್ವಲ್ಲಮ್ಮ," ಎಂದೆ.

ಅವಳು ತಲೆ ತಗ್ಗಿಸಿದಳು. "ಅವತ್ತೇ ಮ್ಯಾನೇಜರ್‌ಗೆ ಹೇಳಬೇಕಿತ್ತು. ನಿಮ್ಮ ಮೇಲೆ ಹೇಗಣ್ಣ ಹೇಳಲಿ?"

ಅವಳ ತಪ್ಪೇನಿದೆ? ಅವಳ ತಲೆ ಮೇಲೆ ಒಮ್ಮೆ ಕೈಯಿಟ್ಟು, ನಾನೇ ಒಳಗೆ ಹೋಗಿ ಹೇಳಿದೆ. ದಪ್ಪಕ್ಕನನ್ನು ಕೊಳ್ಳಿ, ರಬ್ಬರ್ ಬಟ್ಟಲು ಬದಲಾಯಿಸಿಕೊಡಲು ಹೇಳಿ, ಧ್ವನಿಯ ಅಂಕ ಅವಳದನ್ನೇ ತೆಗೆದುಕೊಳ್ಳಿ, ಯಾಕೆಂದರೆ ನನ್ನ ಕಿವಿ ಹೀಗೆ.  ಕಿವಿ ಪರೀಕ್ಷೆಯಾಗಿ ಡಾಕ್ಟರು ಬರೆದುಕೊಡುವವರೆಗೆ ಓಡಿಸುವಂತಿಲ್ಲ ಎಂದರು ಮ್ಯಾನೇಜರ್. ಕೀಲಿಯನ್ನು ಮೇಜಿನ ಮೇಲಿಟ್ಟು ಬಂದೆ.

ಬಸ್ಸಿನಲ್ಲಿ ಮನೆಗೆ ಬಂದೆ. ಬಸ್ಸು ಹತ್ತಿ ಎಷ್ಟು ವರ್ಷವಾಗಿತ್ತೋ, ಎಲ್ಲಿ ಇಳಿಯಬೇಕೆಂದು ಪಕ್ಕದವರನ್ನು ಕೇಳಬೇಕಾಯಿತು.

ಮಾರ್ಚ್ 27, ಗುರುವಾರ

ಕಿವಿ ಪರೀಕ್ಷೆಗೆ ನನ್ನವಳೂ ಬಂದಳು. ಹೊರಗೆ ಬೆಂಚಿನ ಮೇಲೆ ಕೂತಳು.

ನನ್ನನ್ನು ಒಂದು ಪುಟ್ಟ ಕೋಣೆಯೊಳಗೆ ಕೂರಿಸಿದರು. ಗೋಡೆಗೆಲ್ಲ ಮೆತ್ತೆ, ಒಂದು ಕಡೆ ಗಾಜು. ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿ. ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, "ಸದ್ದು ಎಷ್ಟೇ ಸಣ್ಣದಿದ್ರೂ ಕೇಳಿಸಿದ ತಕ್ಷಣ ಒತ್ತಿ ಸಾರ್," ಎಂದು ಎದುರಿಗೆ ನಿಂತು ಹೇಳಿದಳು. ಬಾಗಿಲು ಮುಚ್ಚಿತು.

ಕೂತ ಸ್ವಲ್ಪ ಹೊತ್ತಿಗೇ ತಿಳಿಯಿತು. ಅವಳು ಆಚೆ ಯಂತ್ರವನ್ನು ಒತ್ತುವಾಗಲೆಲ್ಲ ಬಲಭುಜ ಕೊಂಚ ಅಲುಗುತ್ತದೆ. ಭುಜ ಅಲುಗಿತು, ಒತ್ತಿದೆ. ಮತ್ತೆ ಅಲುಗಿತು, ಒತ್ತಿದೆ. ಅವಳು ತಲೆಯೆತ್ತಿ ನೋಡಿ ಮುಗುಳ್ನಕ್ಕಳು. ಎಲ್ಲ ಸರಿಯಾಗಿದೆ ಎನ್ನುವ ಹಾಗೆ. ಒಂದು ಕಿವಿ ಹೀಗೇ ಮುಗಿಯಿತು. ಇಷ್ಟು ಸುಲಭವೇ? ಕಾಗದ ಕೈಗೆ ಬಂದರೆ ನಾಳೆಯೇ ಕೀಲಿ ಕೇಳಬಹುದು.

ಎರಡನೇ ಕಿವಿ ಶುರುವಾಯಿತು. ಭುಜ ಅಲುಗಿತು. ನಾನು ಒತ್ತಲಿಲ್ಲ. ಬೆಲ್ಟಿನ ಮೇಲೆ ವಾಲಿದ್ದ ಆ ಬಿಳಿ ಮುಖ, ಕೆಳಗೆ ಬಿದ್ದ ಕನ್ನಡಕ. ಹೆಡ್‌ಫೋನ್ ತೆಗೆದು, ಎದ್ದು ಬಾಗಿಲು ತೆರೆದೆ. "ತಾಯೀ, ನಾನು ನಿನ್ನ ಭುಜ ನೋಡಿ ಒತ್ತಿದೆ. ಮೊದಲಿಂದ ಮಾಡು," ಎಂದೆ. ಹುಡುಗಿ ಕಣ್ಣು ಅಗಲಿಸಿ ನೋಡಿದಳು, ಬಯ್ಯಲಿಲ್ಲ. ನಾನೇ ಕುರ್ಚಿಯನ್ನು ತಿರುಗಿಸಿ, ಗಾಜಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತೆ.

ಮೊದಮೊದಲು ದಪ್ಪ ಸದ್ದುಗಳು ಬಂದವು. ಗುಂ ಎನ್ನುವಂಥವು. ಒತ್ತಿದೆ. ಅವೂ ಸಣ್ಣಗಾಗುತ್ತಾ ಹೋದವು, ಆದರೂ ಒತ್ತಿದೆ. ಆಮೇಲೆ ನಿಂತುಹೋಯಿತು. ಹುಡುಗಿ ಏನೋ ಬದಲಾಯಿಸುತ್ತಿರಬೇಕೆಂದು ಕಾದೆ. ಬೆರಳನ್ನು ಗುಂಡಿಯ ಮೇಲೇ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಕಾದೆ. ನನ್ನ ಎದೆ ಬಡಿಯುವುದು ಬಿಟ್ಟರೆ ಬೇರೇನೂ ಇಲ್ಲ. ಯಾರಾದರೂ ಕರೆದು ಹೊರಗೆ ಹೋದಳೋ ಏನೋ, ಬಂದ ಮೇಲೆ ಉಳಿದದ್ದು ಮಾಡುತ್ತಾಳೆ ಅಂದುಕೊಂಡೆ.

ಭುಜದ ಮೇಲೆ ಕೈ ಬಿತ್ತು. ಹುಡುಗಿ ಮುಂದೆ ಬಂದು ಬಾಗಿ ನಿಂತಿದ್ದಳು. ಅವಳ ಹಿಂದೆ, ತೆರೆದ ಬಾಗಿಲಲ್ಲಿ ನನ್ನವಳು.

"ಶುರು ಮಾಡಮ್ಮ, ನಾನು ಸಿದ್ಧ," ಎಂದೆ.

"ಎಲ್ಲಾ ಮುಗೀತು ಸಾರ್," ಎಂದಳು.